ಅಪ್ಪ ರಿಟೈರ್ ಆದ್ರು, ಸೆಂಟ್ರಿ ಡ್ಯೂಟಿ ಮುಗೀಲಿಲ್ಲ: ಮಾಜಿ ಸೈನಿಕರ ನಿದ್ದೆಗೆ ಸಹಾಯ ಎಲ್ಲಿ ಸಿಗುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ಬಸ್ಸಲ್ಲಿ, ಮೆಟ್ರೋದಲ್ಲಿ, ಇಲ್ಲಾ ನಿದ್ದೆ ಬರದೆ ಹಾಸಿಗೆ ಮೇಲೆ ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಾ ಇರೋ ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯ ನಿದ್ದೆ. ರೀಲ್ಸ್ ನೋಡ್ತಾ ನೋಡ್ತಾ ನಾವು ಕಳ್ಕೊಳ್ಳೋ ನಿದ್ದೆ ಅಲ್ಲ. ಸೇನೆಯಲ್ಲಿ ಹದಿನೈದು, ಇಪ್ಪತ್ತು ವರ್ಷ ದುಡಿದು ಮನೆಗೆ ಬಂದವರ ನಿದ್ದೆ.

ಇದು ನಮ್ಮ ಮನೆ ಕಥೆಯೂ ಹೌದು. ನಮ್ಮಪ್ಪ ಹವಾಲ್ದಾರ್ ಆಗಿ ನಿವೃತ್ತರಾದಾಗ ನಾನು ಪಿಯುಸಿ ಓದ್ತಿದ್ದೆ. ರಾತ್ರಿ ಎರಡು ಗಂಟೆಗೆ ನೀರು ಕುಡಿಯೋಕೆ ಎದ್ದರೆ ಅಪ್ಪ ಜಗಲಿ ಮೇಲೆ ಕೂತಿರೋರು. ಲೈಟ್ ಹಾಕಿರ್ತಿರಲಿಲ್ಲ. "ಯಾಕಪ್ಪಾ, ಮಲಗಲಿಲ್ವಾ?" ಅಂದ್ರೆ, "ಸೆಖೆ ಕಣೋ, ನೀನ್ ಹೋಗಿ ಮಲ್ಕೋ" ಅನ್ನೋರು. ಡಿಸೆಂಬರ್ ಚಳಿಯಲ್ಲೂ ಅದೇ ಉತ್ತರ. ಸೆಖೆ.

ಅದು ಸೆಖೆ ಅಲ್ಲ ಅಂತ ನಮಗೆ ಅರ್ಥ ಆಗೋಕೆ ನಾಲ್ಕು ವರ್ಷ ಬೇಕಾಯ್ತು. ಆ ನಾಲ್ಕು ವರ್ಷ ನಿಮ್ಮ ಮನೆಯಲ್ಲಿ ಹಾಳಾಗದಿರಲಿ ಅಂತ ಈ ಸಂಚಿಕೆ.

ವಯಸ್ಸಾಯ್ತು, ಅದಕ್ಕೇ ನಿದ್ದೆ ಇಲ್ಲ. ನಿಜಾನಾ?

ನಮ್ಮ ಮನೆಗೆ ಬಂದ ನೆಂಟರೆಲ್ಲ ಹೇಳಿದ ಮಾತು ಇದು. ಆದರೆ ಸ್ವಲ್ಪ ಲೆಕ್ಕ ಹಾಕಿ. ಸೇನೆಯಲ್ಲಿ ಎಷ್ಟೋ ಜವಾನರು ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗ್ತಾರೆ. ಆ ವಯಸ್ಸಲ್ಲಿ ನಮ್ಮ ಆಫೀಸಿನ ಮ್ಯಾನೇಜರ್‌ಗಳು ಮ್ಯಾರಥಾನ್ ಓಡ್ತಾ ಇರ್ತಾರೆ. ಅದು ನಿದ್ದೆ ಕೈಕೊಡೋ ವಯಸ್ಸಲ್ಲ.

ವೈದ್ಯರು ಇದನ್ನ ಹೇಗೆ ಗುರುತಿಸ್ತಾರೆ? ಮಲಗೋಕೆ ಸಮಯ ಇದೆ, ಜಾಗ ಇದೆ, ಆದರೂ ನಿದ್ದೆ ಹತ್ತಲ್ಲ. ಹತ್ತಿದರೂ ಮಧ್ಯೆ ಮಧ್ಯೆ ಎಚ್ಚರ ಆಗುತ್ತೆ. ಇಲ್ಲಾ ಬೆಳಗಿನ ಜಾವ ಮೂರಕ್ಕೇ ಎಚ್ಚರ ಆಗಿ ಮತ್ತೆ ನಿದ್ದೆ ಬರೋದೇ ಇಲ್ಲ. ವಾರಕ್ಕೆ ಕನಿಷ್ಠ 3 ರಾತ್ರಿ ಹೀಗಾಗಿ, 3 ತಿಂಗಳು ಮುಂದುವರಿದು, ಅದರಿಂದ ಹಗಲಿನ ಕೆಲಸ, ಸಿಟ್ಟು, ಮರೆವು ಇದರಲ್ಲೆಲ್ಲ ತೊಂದರೆ ಕಾಣಿಸಿದರೆ ಅದು ದೀರ್ಘಕಾಲದ ನಿದ್ರಾಹೀನತೆ. ಇಂಗ್ಲಿಷ್‌ನಲ್ಲಿ ಇನ್‌ಸೋಮ್ನಿಯಾ ಅಂತಾರೆ. ಅದು ಕಾಯಿಲೆ. ಕಾಯಿಲೆ ಅಂದ ಮೇಲೆ ಅದಕ್ಕೆ ಚಿಕಿತ್ಸೆಯೂ ಇದೆ.

ದೇಹ ಕಲಿತ ಪಾಠ

ಹಾಗಾದ್ರೆ ಸೈನಿಕರಿಗೆ ಇದು ಯಾಕೆ ಅಂಟಿಕೊಳ್ಳುತ್ತೆ? ಒಂದು ಸಾಮಾನ್ಯ ಸೇನಾ ರಾತ್ರಿಯನ್ನ ನೆನಪಿಸಿಕೊಳ್ಳಿ. ರಾತ್ರಿ ಪೂರ್ತಿ ಒಂದೇ ಸಲ ಮಲಗೋ ಭಾಗ್ಯ ಎಲ್ಲಾ ದಿನ ಇರಲ್ಲ. ಸರದಿ ಪ್ರಕಾರ ಸೆಂಟ್ರಿ ಡ್ಯೂಟಿ. ನಿದ್ದೆ ಹತ್ತಿ ಒಂದೆರಡು ಗಂಟೆ ಆಗುವಷ್ಟರಲ್ಲಿ ಯಾರೋ ಬಂದು ಭುಜ ತಟ್ತಾರೆ, ಎದ್ದು ರೈಫಲ್ ಹಿಡಿದು ನಿಲ್ಲಬೇಕು. ಗಡಿಯಲ್ಲಿದ್ದರೆ ಬೆಳಕು ಹರಿಯೋ ಮುಂಚೆ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಸನ್ನದ್ಧರಾಗಿ ನಿಲ್ಲಬೇಕು. ಅದಕ್ಕೆ 'ಸ್ಟ್ಯಾಂಡ್ ಟು' ಅಂತಾರೆ. ಇನ್ನು ಸಿಯಾಚಿನ್‌ನಂಥ ಎತ್ತರದ ಜಾಗದಲ್ಲಿ ಆಮ್ಲಜನಕ ಕಡಿಮೆ. ಮಲಗಿದಾಗ ಉಸಿರಾಟದ ಲಯವೇ ಏರುಪೇರಾಗಿ ಪದೇ ಪದೇ ಎಚ್ಚರ ಆಗುತ್ತೆ.

ಅಂಥ ಕಡೆ ಗಾಢವಾಗಿ ಮಲಗೋದೇ ಅಪಾಯ. ಹಗುರವಾಗಿ ಮಲಗಿ, ಒಂದು ಸಣ್ಣ ಸದ್ದಿಗೆ ಎದ್ದು ಕೂರೋನು ಒಳ್ಳೆ ಸೈನಿಕ. ದೇಹ ಆ ಪಾಠವನ್ನ ಇಪ್ಪತ್ತು ವರ್ಷ ಚೆನ್ನಾಗಿ ಕಲಿತಿರುತ್ತೆ. ನಿವೃತ್ತಿ ಆದೇಶ ಬರೋದು ಮನುಷ್ಯನಿಗೆ, ಅವನ ನರಗಳಿಗೆ ಯಾರೂ ಆದೇಶ ಕಳಿಸಲ್ಲ.

ಆರ್ಥರ್ ಸ್ಪೀಲ್‌ಮನ್ ಅನ್ನೋ ಅಮೆರಿಕದ ನಿದ್ರಾ ತಜ್ಞರು 1980ರ ದಶಕದಲ್ಲಿ ಇದಕ್ಕೆ ಒಂದು ಸರಳ ವಿವರಣೆ ಕೊಟ್ಟರು. ನಿದ್ರಾಹೀನತೆಗೆ ಮೂರು ಮೆಟ್ಟಿಲು. ಮೊದಲನೇದು, ಹುಟ್ಟಿನಿಂದ ಬಂದ ಸ್ವಭಾವ. ಕೆಲವರದು ಹಗುರ ನಿದ್ದೆ. ಎರಡನೇದು, ಅದನ್ನ ಶುರು ಮಾಡೋ ಘಟನೆ. ಯುದ್ಧಭೂಮಿ, ಜೊತೆಗಾರನ ಸಾವು, ಗಾಯ, ಇಲ್ಲಾ ಬರೀ ನಿವೃತ್ತಿಯೇ ಆಗಿರಬಹುದು. ಮೂರನೇದು, ಅದನ್ನ ಮುಂದುವರಿಸೋ ಅಭ್ಯಾಸಗಳು. ಬೇಗ ಹಾಸಿಗೆಗೆ ಹೋಗೋದು, ಮಧ್ಯಾಹ್ನ ಎರಡು ಗಂಟೆ ಮಲಗೋದು, ರಾತ್ರಿಯಿಡೀ ಗಡಿಯಾರ ನೋಡೋದು, 'ಇವತ್ತೂ ನಿದ್ದೆ ಬರಲ್ಲ' ಅಂತ ಸಂಜೆಯಿಂದಲೇ ಹೆದರೋದು.

ಇದರಲ್ಲೊಂದು ಒಳ್ಳೆ ಸುದ್ದಿ ಇದೆ. ಮೊದಲ ಎರಡನ್ನ ನಾವು ಬದಲಾಯಿಸೋಕೆ ಆಗಲ್ಲ. ಆದರೆ ವರ್ಷಗಟ್ಟಲೆ ನಿದ್ದೆ ಕೆಡಿಸ್ತಾ ಇರೋದು ಹೆಚ್ಚಾಗಿ ಮೂರನೇದು. ಅದು ಕಲಿತದ್ದು. ಕಲಿತದ್ದನ್ನ ಬಿಡೋದನ್ನೂ ಕಲಿಯಬಹುದು.

ಬಾಯಿ ಯಾಕೆ ಬಿಡಲ್ಲ?

'ಅಪ್ಪ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ' ಅಂತ ನನಗೆ ಎಷ್ಟೋ ಸಲ ಅನ್ನಿಸಿದ್ದುಂಟು. ಆಮೇಲೆ ಒಂದು ವಿಷಯ ಗೊತ್ತಾಯ್ತು.

ನಮ್ಮ ಸೇನೆಯಲ್ಲಿ ಪ್ರತಿಯೊಬ್ಬರಿಗೂ ಒಂದು ವೈದ್ಯಕೀಯ ದರ್ಜೆ ಇರುತ್ತೆ. ಅದರ ಹೆಸರು 'ಶೇಪ್'. ಇಂಗ್ಲಿಷಿನ ಐದು ಅಕ್ಷರ. ಕಿವಿಗೆ ಒಂದು, ಕೈಕಾಲಿಗೆ ಒಂದು, ದೈಹಿಕ ಸಾಮರ್ಥ್ಯಕ್ಕೆ ಒಂದು, ಕಣ್ಣಿಗೆ ಒಂದು. ಎಲ್ಲಕ್ಕಿಂತ ಮೊದಲನೇ ಅಕ್ಷರ 'ಎಸ್' ಇರೋದು ಮನಸ್ಸಿಗೆ. ಎಲ್ಲದರಲ್ಲೂ ಒಂದನೇ ದರ್ಜೆ ಇದ್ದರೆ 'ಶೇಪ್ ಒನ್'. ಅದು ಕೆಳಗಿಳಿದರೆ ಪೋಸ್ಟಿಂಗ್, ಬಡ್ತಿ, ಕೋರ್ಸು ಎಲ್ಲಕ್ಕೂ ತೊಂದರೆ ಆಗಬಹುದು ಅನ್ನೋ ಭಯ. ಹಾಗಾಗಿ 'ಸಾಬ್, ನಿದ್ದೆ ಬರ್ತಿಲ್ಲ' ಅಂತ ಹೇಳೋಕೆ ಜವಾನ ಹತ್ತು ಸಲ ಯೋಚಿಸ್ತಾನೆ. ಹೇಳದೇ ಇರೋದೇ ಅಭ್ಯಾಸ ಆಗುತ್ತೆ.

ನಿವೃತ್ತಿಯಾದ ಮೇಲೆ ವರ್ಷ ವರ್ಷ ದರ್ಜೆ ಕೊಡೋ ಬೋರ್ಡ್ ಇರಲ್ಲ. ಆದರೆ ಹೇಳದೇ ಇರೋ ಅಭ್ಯಾಸ ಉಳಿದಿರುತ್ತೆ. ಎಷ್ಟೋ ಜನರಿಗೆ 'ಮನೋವೈದ್ಯರನ್ನ ನೋಡಿದರೆ ಪಿಂಚಣಿ ನಿಂತುಹೋಗುತ್ತೆ' ಅನ್ನೋ ಹೆದರಿಕೆ ಕೂಡ ಇದೆ. ಇದನ್ನ ಸ್ಪಷ್ಟವಾಗಿ ಹೇಳ್ಬಿಡ್ತೀನಿ. ಸೇವಾ ಪಿಂಚಣಿ ಬರೋದು ಮಾಡಿದ ಸೇವೆಗೆ. ನಿವೃತ್ತರಾದ ಮೇಲೆ ನಿದ್ದೆಗೆ ಚಿಕಿತ್ಸೆ ತಗೊಂಡ್ರೆ ಅದು ನಿಲ್ಲಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಚಿಕಿತ್ಸೆಯ ಮಾಹಿತಿ ಗೋಪ್ಯವಾಗಿರಬೇಕು. ಮತ್ತೆ ಸಮವಸ್ತ್ರದ ಕೆಲಸಕ್ಕೆ ಅರ್ಜಿ ಹಾಕೋರಿಗೆ ವೈದ್ಯಕೀಯ ಪರೀಕ್ಷೆ ಇದ್ದೇ ಇರುತ್ತೆ, ಅದು ಬೇರೆ ಮಾತು. ಆದರೆ ಅಲ್ಲೂ ನಿದ್ದೆಗೆಟ್ಟ ಮನುಷ್ಯನಿಗಿಂತ ಚಿಕಿತ್ಸೆ ಪಡೆದು ಚೆನ್ನಾಗಿರೋ ಮನುಷ್ಯನೇ ಮೇಲು, ಅಲ್ವಾ?

ನಮ್ಮ ಮನೆಯಲ್ಲಿ ಆದ ಎರಡು ತಪ್ಪು

ಮೊದಲನೇ ತಪ್ಪು ಅಪ್ಪನದು. ಕ್ಯಾಂಟೀನ್ ಕೋಟಾದ ರಮ್. ರಾತ್ರಿ ಎರಡು ಪೆಗ್ ಹಾಕಿದರೆ ಬೇಗ ನಿದ್ದೆ ಹತ್ತುತ್ತೆ ಅನ್ನೋದು ಸುಳ್ಳಲ್ಲ. ಸಮಸ್ಯೆ ಆಮೇಲೆ ಶುರುವಾಗೋದು. ದೇಹ ಆ ಮದ್ಯವನ್ನ ಕರಗಿಸ್ತಾ ಹೋದ ಹಾಗೆ ರಾತ್ರಿಯ ಎರಡನೇ ಅರ್ಧ ಚೂರುಚೂರಾಗುತ್ತೆ. ಎರಡು ಗಂಟೆಗೆ ಎಚ್ಚರ, ಬೆವರು, ಬಾಯಾರಿಕೆ, ಮೂತ್ರಕ್ಕೆ ಓಡಾಟ. ಗೊರಕೆಯೂ ಜಾಸ್ತಿ. ಸ್ವಲ್ಪ ದಿನಕ್ಕೆ ಎರಡು ಪೆಗ್ ಸಾಲದೆ ಮೂರಾಗುತ್ತೆ.

ಎರಡನೇ ತಪ್ಪು ನನ್ನದು. ಊರಿನ ಮೆಡಿಕಲ್ ಶಾಪ್‌ಗೆ ಹೋಗಿ 'ಅಪ್ಪನಿಗೆ ನಿದ್ದೆ ಬರ್ತಿಲ್ಲ' ಅಂದೆ. ಚೀಟಿ ಕೇಳದೇ ಒಂದು ಸ್ಟ್ರಿಪ್ ಮಾತ್ರೆ ಕೊಟ್ಟರು. ಅಲ್ಪ್ರಜೋಲಮ್. ನಾನು ದೊಡ್ಡ ಸಹಾಯ ಮಾಡಿದೆ ಅಂದ್ಕೊಂಡೆ. ಅಲ್ಪ್ರಜೋಲಮ್, ಜೋಲ್ಪಿಡೆಮ್ ಥರದ ಮಾತ್ರೆಗಳು ನಮ್ಮ ದೇಶದಲ್ಲಿ 'ಶೆಡ್ಯೂಲ್ ಎಚ್1' ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಅವನ್ನ ಮಾರೋ ಹಾಗಿಲ್ಲ. ಮಾರಿದರೆ ಯಾರಿಗೆ, ಯಾವ ವೈದ್ಯರ ಚೀಟಿ ಮೇಲೆ ಅಂತ ಅಂಗಡಿಯವರು ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದಿಡಬೇಕು. ಇಷ್ಟೊಂದು ಕಟ್ಟುನಿಟ್ಟು ಯಾಕೆ ಅಂದ್ರೆ ದೇಹ ಇವಕ್ಕೆ ಒಗ್ಗಿಹೋಗುತ್ತೆ, ಬಿಡೋದು ಕಷ್ಟ ಆಗುತ್ತೆ. ರಮ್ ಜೊತೆ ಸೇರಿದರೆ ಉಸಿರಾಟವೇ ನಿಧಾನವಾಗಿ ಜೀವಕ್ಕೆ ಅಪಾಯ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಗಮನಿಸಿ. ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಮಾತ್ರೆಯನ್ನ ತಿಂಗಳುಗಟ್ಟಲೆ ತಗೊಳ್ತಾ ಇದ್ದರೆ, ಈ ಸಂಚಿಕೆ ಕೇಳಿದ ಜೋಶ್‌ನಲ್ಲಿ ಸ್ಟ್ರಿಪ್ ತೆಗೆದು ಎಸೀಬೇಡಿ. ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಕೂಡ ಬರಬಹುದು. ದಿನಾ ಜಾಸ್ತಿ ಕುಡಿಯೋರು ಒಮ್ಮೆಲೇ ಬಿಟ್ಟರೂ ಅಷ್ಟೇ. ಎರಡನ್ನೂ ವೈದ್ಯರ ಕಣ್ಣಳತೆಯಲ್ಲಿ, ನಿಧಾನವಾಗಿ ಇಳಿಸಬೇಕು.

ಮೊದಲ ಚಿಕಿತ್ಸೆ ಮಾತ್ರೆ ಅಲ್ಲ

ಹಾಗಾದ್ರೆ ಚಿಕಿತ್ಸೆ ಏನು? ಅದರ ಹೆಸರು ಸಿಬಿಟಿ-ಐ. ನಿದ್ರಾಹೀನತೆಗೆಂದೇ ರೂಪಿಸಿದ, ಯೋಚನೆ ಮತ್ತು ಅಭ್ಯಾಸ ಎರಡನ್ನೂ ತಿದ್ದೋ ತರಬೇತಿ. ದೀರ್ಘಕಾಲದ ನಿದ್ರಾಹೀನತೆ ಇರೋ ವಯಸ್ಕರಿಗೆ ಮೊದಲು ಕೊಡಬೇಕಾದದ್ದು ಇದನ್ನೇ ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು. ಅಮೆರಿಕದ ಮಾಜಿ ಸೈನಿಕರ ಇಲಾಖೆ ತನ್ನ ಚಿಕಿತ್ಸಕರಿಗೆ ದೇಶಾದ್ಯಂತ ಇದರ ತರಬೇತಿ ಕೊಟ್ಟಿದೆ. ಸಾಮಾನ್ಯವಾಗಿ ನಾಲ್ಕರಿಂದ ಎಂಟು ಭೇಟಿಗಳಲ್ಲಿ ಮುಗಿಯುತ್ತೆ. ಮಾತ್ರೆ ನಿಲ್ಲಿಸಿದರೆ ಅದರ ಪರಿಣಾಮವೂ ನಿಲ್ಲುತ್ತೆ. ಈ ತರಬೇತಿಯಲ್ಲಿ ಕಲಿತದ್ದು ಉಳಿಯುತ್ತೆ.

ಇದರಲ್ಲಿ ಎರಡು ಮುಖ್ಯ ಭಾಗ. ಕೇಳೋಕೆ ಎರಡೂ ಉಲ್ಟಾ ಅನ್ನಿಸುತ್ತೆ.

ಒಂದು, ಹಾಸಿಗೆ ಇರೋದು ನಿದ್ದೆಗೆ ಮಾತ್ರ. ರಿಚರ್ಡ್ ಬೂಟ್ಜಿನ್ ಅನ್ನೋ ಮನಶ್ಶಾಸ್ತ್ರಜ್ಞರು 1972ರಲ್ಲಿ ಮುಂದಿಟ್ಟ ವಿಧಾನ ಇದು. ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗಿ. ಸುಮಾರು ಇಪ್ಪತ್ತು ನಿಮಿಷ ಆಯ್ತು, ನಿದ್ದೆ ಬರ್ತಿಲ್ಲ ಅನ್ನಿಸಿದರೆ ಎದ್ದು ಬೇರೆ ಕಡೆ ಕೂತ್ಕೊಳ್ಳಿ. ಕಣ್ಣು ಎಳೆದಾಗ ವಾಪಸ್ ಬನ್ನಿ. ಎಷ್ಟೇ ಹೊತ್ತಿಗೆ ಮಲಗಿರಲಿ, ಬೆಳಿಗ್ಗೆ ಏಳೋ ಸಮಯ ಮಾತ್ರ ದಿನಾ ಒಂದೇ. ಗಡಿಯಾರ ನೋಡಬೇಡಿ, ಅಂದಾಜು ಸಾಕು. ಹಾಸಿಗೆ ಕಂಡರೆ ಚಿಂತೆ ಶುರುವಾಗೋ ಬದಲು ನಿದ್ದೆ ನೆನಪಾಗಬೇಕು, ಅದೇ ಇದರ ಗುರಿ.

ಎರಡು, ಹಾಸಿಗೆಯಲ್ಲಿ ಕಳೆಯೋ ಸಮಯವನ್ನ ಕಡಿಮೆ ಮಾಡೋದು. ನಮ್ಮಪ್ಪನ ಲೆಕ್ಕವನ್ನೇ ತಗೊಳ್ಳಿ. ರಾತ್ರಿ 9ಕ್ಕೆ ಹಾಸಿಗೆ, ಬೆಳಿಗ್ಗೆ 5ಕ್ಕೆ ಏಳೋದು. ಒಟ್ಟು 8 ಗಂಟೆ. ಅದರಲ್ಲಿ ನಿಜವಾಗಿ ನಿದ್ದೆ ಮಾಡ್ತಿದ್ದದ್ದು 5 ಗಂಟೆ. ಅಂದ್ರೆ ಶೇ 62ರಷ್ಟು. ಉಳಿದ 3 ಗಂಟೆ ಮಗ್ಗುಲು ಬದಲಾಯಿಸೋದೇ ಕೆಲಸ. ಚಿಕಿತ್ಸಕರು ಹೇಳಿದ್ದು: 'ಇನ್ನು ಮೇಲೆ ರಾತ್ರಿ 11.30ರವರೆಗೆ ಹಾಸಿಗೆಗೆ ಹೋಗಬೇಡಿ. ಬೆಳಿಗ್ಗೆ 5ಕ್ಕೆ ಏಳಿ.' ಐದೂವರೆ ಗಂಟೆ ಅಷ್ಟೇ. ಅಪ್ಪ ನಕ್ಕುಬಿಟ್ಟರು. 'ನಿದ್ದೆ ಇಲ್ಲ ಅಂತ ಬಂದ್ರೆ ಇರೋ ನಿದ್ದೆನೂ ಕಿತ್ಕೊಳ್ತಾರಲ್ಲ' ಅಂದರು.

ಆದರೆ ಇದಕ್ಕೆ ಕಾರಣ ಇದೆ. ಹಸಿವಿನ ಹಾಗೆ ನಿದ್ದೆಯ ಒತ್ತಡವೂ ಹಗಲಿಡೀ ಏರ್ತಾ ಹೋಗುತ್ತೆ. ಆಗಾಗ ಕುರುಕಲು ತಿಂದರೆ ಊಟದ ಹೊತ್ತಿಗೆ ಹಸಿವಿರಲ್ಲ, ಹಾಗೇ ಇದು. ಎಚ್ಚರದ ಅವಧಿ ಉದ್ದ ಆದಾಗ ನಿದ್ದೆ ಗಟ್ಟಿಯಾಗಿ ಬರುತ್ತೆ. ಹಾಸಿಗೆಯಲ್ಲಿದ್ದ ಸಮಯದ ಶೇ 85ಕ್ಕಿಂತ ಹೆಚ್ಚು ಭಾಗ ನಿದ್ದೆಯಾಗ್ತಾ ಇದ್ದರೆ ಮಲಗೋ ಸಮಯವನ್ನ 15 ನಿಮಿಷ ಹಿಂದಕ್ಕೆ ತರ್ತಾರೆ. ಆಮೇಲೆ ಇನ್ನೊಂದು 15. ಹೀಗೆ ಹಂತ ಹಂತವಾಗಿ. ಸಾಮಾನ್ಯವಾಗಿ 5 ಗಂಟೆಗಿಂತ ಕಡಿಮೆ ಮಾಡಲ್ಲ.

ಮೊದಲ ಎರಡು ವಾರ ಹಗಲು ತೂಕಡಿಕೆ ಜಾಸ್ತಿ ಇರುತ್ತೆ. ಆ ದಿನಗಳಲ್ಲಿ ಬಸ್, ಲಾರಿ, ಟ್ರ್ಯಾಕ್ಟರ್ ಓಡಿಸೋದು ಅಪಾಯ. ಫಿಟ್ಸ್ ಇರೋರು, ಬೈಪೋಲಾರ್ ಕಾಯಿಲೆ ಇರೋರು ಈ ಎರಡನೇ ಭಾಗವನ್ನ ತಾವಾಗಿಯೇ ಮಾಡಬಾರದು. ಹಾಗಾಗಿ ಮಾರ್ಗದರ್ಶನ ಬೇಕೇ ಬೇಕು.

ಹಾಗಾದ್ರೆ 'ಮಲಗೋ ಮುಂಚೆ ಹಾಲು ಕುಡಿ, ಟೀ ಬಿಡು, ಫೋನ್ ಇಡು' ಅನ್ನೋ ಸಲಹೆಗಳು? ತಪ್ಪಲ್ಲ. ಆದರೆ ವರ್ಷಗಟ್ಟಲೆ ಬೇರೂರಿದ ನಿದ್ರಾಹೀನತೆಗೆ ಅಷ್ಟೇ ಸಾಲದು.

ಎಲ್ಲವೂ ಬರೀ ನಿದ್ರಾಹೀನತೆ ಅಲ್ಲ

ವೈದ್ಯರ ಹತ್ತಿರ ಹೋಗೋಕೆ ಇನ್ನೊಂದು ಕಾರಣ ಇದೆ. ನಿದ್ದೆ ಕೆಡೋದರ ಹಿಂದೆ ಬೇರೆ ಕಾಯಿಲೆ ಇರಬಹುದು. ಮೂರು ವಿಷಯ ಗಮನಿಸಿ.

ಮೊದಲನೇದು ಗೊರಕೆ. ಜೋರು ಗೊರಕೆ, ಮಧ್ಯೆ ಉಸಿರು ನಿಂತ ಹಾಗಾಗಿ ಒಮ್ಮೆಲೇ ಏದುಸಿರು ಬಿಟ್ಟು ಎಚ್ಚರ ಆಗೋದು, ಹಗಲೆಲ್ಲ ತೂಕಡಿಕೆ. ಇದು ಸ್ಲೀಪ್ ಆಪ್ನಿಯಾ ಇರಬಹುದು. ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಳ್ಳೋ ತೊಂದರೆ. ಇದನ್ನ ಪತ್ತೆ ಮಾಡೋಕೆ ರಾತ್ರಿ ಮಾಡೋ ನಿದ್ರಾ ಪರೀಕ್ಷೆ ಇದೆ. ಇದಿದ್ದಾಗ ನಿದ್ದೆ ಮಾತ್ರೆ ನುಂಗಿದರೆ ಸ್ಥಿತಿ ಇನ್ನೂ ಕೆಡಬಹುದು. ಗೊರಕೆ ಹೊಡೆಯೋರಿಗೆ ತಮ್ಮ ಗೊರಕೆ ಗೊತ್ತಿರಲ್ಲ, ಅಮ್ಮನನ್ನ ಕೇಳಿ.

ಎರಡನೇದು ಕನಸು. ಒಂದೇ ಘಟನೆ ಮತ್ತೆ ಮತ್ತೆ ಕನಸಲ್ಲಿ ಬಂದು ಕಿರುಚಿ ಏಳೋದು, ಪಟಾಕಿ ಸದ್ದಿಗೆ ಬೆಚ್ಚಿಬೀಳೋದು, ಜನ ಸೇರೋ ಕಡೆ ಬಾಗಿಲಿಗೆ ಮುಖ ಮಾಡಿಯೇ ಕೂರೋದು, ಜಾತ್ರೆ, ಮದುವೆ ತಪ್ಪಿಸೋದು. ಇದು ಆಘಾತದ ನಂತರದ ಒತ್ತಡ, ಅಂದ್ರೆ ಪಿಟಿಎಸ್‌ಡಿ ಲಕ್ಷಣ ಇರಬಹುದು. ಅದಕ್ಕೆ ಬೇರೆ ಚಿಕಿತ್ಸೆಗಳಿವೆ. ಕೆಟ್ಟ ಕನಸಿಗೇ ಅಂತ ಒಂದು ಅಭ್ಯಾಸ ಇದೆ: ಎಚ್ಚರವಿದ್ದಾಗ ಆ ಕನಸಿನ ಕಥೆಯನ್ನ ಬೇರೆ ಥರ ಬರೆದು, ಹೊಸ ಕಥೆಯನ್ನ ದಿನಾ ಮನಸ್ಸಲ್ಲಿ ಓಡಿಸೋದು.

ಮೂರನೇದು ಈಗಿನ ಕೆಲಸ. ಎಷ್ಟೋ ಮಾಜಿ ಸೈನಿಕರು ಬ್ಯಾಂಕ್, ಅಪಾರ್ಟ್‌ಮೆಂಟ್, ಕಾರ್ಖಾನೆಗಳಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರ್ತಾರೆ. ಒಂದು ವಾರ ರಾತ್ರಿ ಪಾಳಿ, ಒಂದು ವಾರ ಹಗಲು. ದೇಹದ ಗಡಿಯಾರ ಗೊಂದಲಕ್ಕೆ ಬೀಳುತ್ತೆ. ಇಲ್ಲಿ ಮೊದಲ ಔಷಧಿ ಅಂದ್ರೆ ಪಾಳಿ ಪದೇ ಪದೇ ಬದಲಾಗದ ಹಾಗೆ ನೋಡ್ಕೊಳ್ಳೋದು.

ಬಾಗಿಲು ಎಲ್ಲಿದೆ?

ಈಗ ಮುಖ್ಯ ಪ್ರಶ್ನೆ. ಎಲ್ಲಿಗೆ ಹೋಗೋದು?

ಪಿಂಚಣಿ ಬರೋ ಮಾಜಿ ಸೈನಿಕರಿಗೆ 2003ರ ಏಪ್ರಿಲ್‌ನಿಂದ ಇಸಿಎಚ್‌ಎಸ್ ಅನ್ನೋ ಆರೋಗ್ಯ ಯೋಜನೆ ಇದೆ. ಅವರ ಅವಲಂಬಿತ ಕುಟುಂಬಕ್ಕೂ ಅನ್ವಯಿಸುತ್ತೆ. ಹೆಚ್ಚಿನವರ ಹತ್ತಿರ ಅದರ ಸ್ಮಾರ್ಟ್ ಕಾರ್ಡ್ ಇರುತ್ತೆ, ಬಿಪಿ, ಶುಗರ್ ಮಾತ್ರೆಗೆ ಮಾತ್ರ ಬಳಸ್ತಾರೆ. ನಿದ್ದೆಗೂ ಅದೇ ಕಾರ್ಡ್ ಸಾಕು. ಮಡಿಕೇರಿ, ಮೈಸೂರು, ಬೆಳಗಾವಿ, ಬೆಂಗಳೂರು ಹೀಗೆ ಹಲವು ಕಡೆ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗಳಿವೆ. ಅಲ್ಲಿನ ವೈದ್ಯಾಧಿಕಾರಿ ನೋಡಿ, ತಜ್ಞರು ಬೇಕು ಅನ್ನಿಸಿದರೆ ರೆಫರಲ್ ಕೊಡ್ತಾರೆ. ಆ ಚೀಟಿ ಹಿಡಿದು ಸೇನಾ ಆಸ್ಪತ್ರೆಗೋ, ಯೋಜನೆಯ ಪಟ್ಟಿಯಲ್ಲಿರೋ ಖಾಸಗಿ ಆಸ್ಪತ್ರೆಗೋ ಹೋಗಬಹುದು.

ಇಲ್ಲಿ ಒಂದು ಚಿಕ್ಕ ಗುಟ್ಟು. ಪಾಲಿಕ್ಲಿನಿಕ್‌ನಲ್ಲಿ ರಶ್ ಇರುತ್ತೆ. 'ಸ್ವಲ್ಪ ನಿದ್ದೆ ಕಮ್ಮಿ ಸಾರ್' ಅಂದ್ರೆ ಎರಡು ಮಾತ್ರೆ ಬರೆದು ಕಳಿಸೋ ಸಾಧ್ಯತೆ ಹೆಚ್ಚು. ಅದರ ಬದಲು ಹೀಗೆ ಹೇಳಿ: 'ವಾರಕ್ಕೆ ಐದು ರಾತ್ರಿ ನಿದ್ದೆ ಇಲ್ಲ, ಎರಡು ವರ್ಷ ಆಯ್ತು, ಹಗಲು ಕೆಲಸ ಮಾಡೋಕೆ ಆಗ್ತಿಲ್ಲ. ಮನೋವೈದ್ಯರಿಗೆ ರೆಫರ್ ಮಾಡಿ. ಸಿಬಿಟಿ-ಐ ಮಾಡೋ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು.' ದಿನ, ತಿಂಗಳು, ತೊಂದರೆ ಮೂರನ್ನೂ ಹೇಳಿದರೆ ವೈದ್ಯರಿಗೂ ಸುಲಭ.

ಪಾಲಿಕ್ಲಿನಿಕ್ ದೂರ ಇದ್ದರೆ, ಇಲ್ಲಾ ಅಪ್ಪ ಬರೋಕೆ ಒಪ್ಪದಿದ್ದರೆ ಫೋನ್ ಇದೆ. ಟೆಲಿ ಮನಸ್, 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಉಚಿತ ಸಹಾಯವಾಣಿ. ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಸೇನಾ ಸಿಬ್ಬಂದಿ ಮತ್ತು ಅವರ ಕುಟುಂಬಗಳಿಗೆಂದೇ 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರ ಪ್ರತ್ಯೇಕ ಘಟಕವೂ ಶುರುವಾಗಿದೆ. ರಾತ್ರಿ ಎರಡು ಗಂಟೆಗೆ ಜಗಲಿ ಮೇಲೆ ಕೂತಿರೋ ಮನುಷ್ಯನಿಗೆ ರಾತ್ರಿ ಎರಡು ಗಂಟೆಗೇ ತೆರೆದಿರೋ ಬಾಗಿಲು ಇದು.

ಬೆಂಗಳೂರಿಗೆ ಬರೋಕೆ ಆಗುತ್ತೆ ಅನ್ನೋರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ, ನಿದ್ದೆಯ ತೊಂದರೆಗಳನ್ನ ನೋಡೋ ತಜ್ಞರಿದ್ದಾರೆ. ಜಿಲ್ಲಾಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗ ಇರುತ್ತೆ. ರಾಜ್ಯದ 'ಮನೋಚೈತನ್ಯ' ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯರ ಕ್ಲಿನಿಕ್ ನಡೆಸೋ ವ್ಯವಸ್ಥೆ ಇದೆ. ಹೊರಡೋ ಮುಂಚೆ ಒಂದು ಫೋನ್ ಮಾಡಿ ಕೇಳ್ಕೊಳ್ಳಿ. ಖಾಸಗಿಯಾಗಿ ಹುಡುಕೋದಾದ್ರೆ ಆ ಕ್ಲಿನಿಕಲ್ ಸೈಕಾಲಜಿಸ್ಟ್ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾ ಅಂತ ನೋಡಿ. ಸಿಬಿಟಿ-ಐಯನ್ನ ವಿಡಿಯೊ ಕಾಲ್‌ನಲ್ಲೂ ಮಾಡಬಹುದು.

ಒಂದು ಗುಂಪಿನವರಿಗೆ ಈ ಮಾತು ಇನ್ನೂ ಮುಖ್ಯ. ಅಗ್ನಿವೀರರು. ನನ್ನ ಕೇಳುಗರಲ್ಲೇ ಕೆಲವರು ಇರಬಹುದು, ನಿಮ್ಮ ಕ್ಲಾಸ್‌ಮೇಟ್ ಇರಬಹುದು. ಯೋಜನೆಯ ನಿಯಮದ ಪ್ರಕಾರ ನಾಲ್ಕು ವರ್ಷ ಮುಗಿಸಿ ಹೊರಬರೋರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕ ಅನ್ನೋ ಸ್ಥಾನಮಾನ ಇಲ್ಲ, ಇಸಿಎಚ್‌ಎಸ್ ಕೂಡ ಇಲ್ಲ. ಹಾಗಾಗಿ ಅವರಿಗೆ 14416, ಜಿಲ್ಲಾಸ್ಪತ್ರೆ, ನಿಮ್ಹಾನ್ಸ್ ಇವೇ ದಾರಿ. ಇಪ್ಪತ್ತೈದು ವಯಸ್ಸಿನ ಹುಡುಗ ನಿದ್ದೆ ಬರ್ತಿಲ್ಲ ಅಂದ್ರೆ 'ಮೊಬೈಲ್ ಜಾಸ್ತಿ ಆಯ್ತು' ಅಂತ ತಳ್ಳಿಹಾಕಬೇಡಿ.

ಮನೆಯವರು ಏನು ಮಾಡಬಹುದು?

ಮೊದಲನೇದು, ಮಾತು ಶುರು ಮಾಡೋ ರೀತಿ. ನಾನು 'ಅಪ್ಪಾ, ಸೈಕಿಯಾಟ್ರಿಸ್ಟ್ ಹತ್ತಿರ ಹೋಗೋಣ' ಅಂದಿದ್ದೆ. 'ನಂಗೇನ್ ಹುಚ್ಚಾ?' ಅಂತ ಎದ್ದು ಹೋದರು. ಮೂರು ತಿಂಗಳು ಆ ಮಾತೇ ಇಲ್ಲ. ಆಮೇಲೆ ಅಮ್ಮ ಹೇಳಿದ್ದು ಇಷ್ಟೇ: 'ರೀ, ನಿಮ್ಮ ನಿದ್ದೆ ಒಂದು ಸರಿಯಾಗ್ಲಿ. ಬಿಪಿನೂ ತೋರಿಸ್ಕೊಂಡು ಬರೋಣ ಬನ್ನಿ.' ಹೊರಟರು. ಮನಸ್ಸಿನ ಬಗ್ಗೆ ಮಾತಾಡೋಕೆ ನಾಚಿಕೆ ಪಡೋ ಮನುಷ್ಯ ನಿದ್ದೆ ಬಗ್ಗೆ ಮಾತಾಡ್ತಾನೆ. ನಿದ್ದೆಯಿಂದಲೇ ಶುರು ಮಾಡಿ.

ಎರಡನೇದು, ನಿದ್ದೆ ಡೈರಿ. ಚಿಕಿತ್ಸೆಗೆ ಹೋಗೋ ಮುಂಚೆ ಎರಡು ವಾರ ಬರೆದಿಡಿ. ಎಷ್ಟಕ್ಕೆ ಮಲಗಿದ್ರು, ಅಂದಾಜು ಎಷ್ಟಕ್ಕೆ ನಿದ್ದೆ ಹತ್ತಿತು, ಎಷ್ಟು ಸಲ ಎಚ್ಚರ, ಎಷ್ಟಕ್ಕೆ ಎದ್ದರು, ಹಗಲು ಮಲಗಿದ್ರಾ, ಟೀ ಎಷ್ಟು, ರಮ್ ಎಷ್ಟು, ಯಾವ ಮಾತ್ರೆ. ಬೆಳಿಗ್ಗೆ ಎದ್ದ ಮೇಲೆ ಬರೆದರೆ ಸಾಕು, ರಾತ್ರಿ ಬರೀಬೇಡಿ. ಹಳೇ ನೋಟ್‌ಬುಕ್ ಆದ್ರೂ ಆಯ್ತು. ಇಂಗ್ಲಿಷ್ ಓದೋಕೆ ಬರೋರಿಗೆ ಅಮೆರಿಕದ ಮಾಜಿ ಸೈನಿಕರ ಇಲಾಖೆಯ 'ಇನ್‌ಸೋಮ್ನಿಯಾ ಕೋಚ್' ಆ್ಯಪ್ ಉಚಿತವಾಗಿದೆ, ಡೈರಿ ಬರೆಯೋ ವ್ಯವಸ್ಥೆ ಅದರಲ್ಲೇ ಇದೆ. ಹೇಗಿದ್ದರೂ ಸೈನಿಕರಿಗೆ ಲಾಗ್‌ಬುಕ್ ಬರೆಯೋದು ಗೊತ್ತು. ನಮ್ಮಪ್ಪ ಎಷ್ಟು ನೀಟಾಗಿ ಗೆರೆ ಎಳೆದು ಬರೆದಿದ್ರು ಅಂದ್ರೆ ಡಾಕ್ಟರ್ ಅದನ್ನ ಪಕ್ಕದ ರೂಮಿನವರಿಗೂ ತೋರಿಸಿದರು.

ಮೂರನೇದು ಸುರಕ್ಷತೆ. 'ನಾನಿದ್ದು ಏನು ಪ್ರಯೋಜನ' ಅನ್ನೋ ಥರದ ಮಾತು ಬಂದರೆ ಹಗುರವಾಗಿ ತಗೋಬೇಡಿ. ನೇರವಾಗಿ ಕೇಳಿ, 'ಸಾಯಬೇಕು ಅನ್ನಿಸ್ತಿದೆಯಾ?' ಅಂತ. ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ, ಹೇಳಿಕೊಳ್ಳೋಕೆ ದಾರಿ ಸಿಗುತ್ತೆ. ಮನೆಯಲ್ಲಿ ಕೋವಿ ಇದ್ದರೆ ಸದ್ಯಕ್ಕೆ ಅವರ ಕೈಗೆ ಸಿಗದ ಕಡೆ ಇರಲಿ. ಮಾತ್ರೆ, ಗದ್ದೆಗೆ ಹೊಡೆಯೋ ಔಷಧಿಯೂ ಅಷ್ಟೇ. ಒಬ್ಬರನ್ನೇ ಬಿಡಬೇಡಿ. 14416ಗೆ ಕರೆ ಮಾಡಿ. ತಕ್ಷಣದ ಅಪಾಯ ಇದ್ದರೆ 112 ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗ.

ಕೊನೆಗೆ

ನಮ್ಮಪ್ಪ ಈಗ ಹೇಗಿದ್ದಾರೆ ಅಂತ ಕೇಳಿದ್ರೆ, ಪವಾಡ ಏನೂ ಆಗಿಲ್ಲ. ಐದು ಗಂಟೆ ನಿದ್ದೆ ಆರು, ಆರೂಕಾಲು ಆಗಿದೆ. ಮಾತ್ರೆ ಬಿಡೋಕೆ ವೈದ್ಯರ ಲೆಕ್ಕದಲ್ಲಿ ಮೂರು ತಿಂಗಳು ಹಿಡೀತು. ರಮ್ ಹಬ್ಬಕ್ಕೆ ಮಾತ್ರ ಅಂತ ಹೇಳ್ತಾರೆ, ಹಬ್ಬಗಳ ಸಂಖ್ಯೆ ಸ್ವಲ್ಪ ಜಾಸ್ತಿ ಆಗಿದೆ. ಈಗಲೂ ಕೆಲವು ರಾತ್ರಿ ಎದ್ದು ಜಗಲಿಗೆ ಬರ್ತಾರೆ.

ಆದರೆ ಈಗ 'ಸೆಖೆ' ಅನ್ನಲ್ಲ. 'ಇವತ್ತು ಯಾಕೋ ನಿದ್ದೆ ಬರ್ಲಿಲ್ಲ ಕಣೋ' ಅಂತಾರೆ. ಅಷ್ಟು ಹೇಳೋಕೆ ಅವರಿಗೆ ಸೇನೆಯ ಇಪ್ಪತ್ನಾಲ್ಕು ವರ್ಷ, ಆಮೇಲೆ ಮನೆಯ ನಾಲ್ಕು ವರ್ಷ ಹಿಡೀತು. ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂರ್ತೀನಿ. ಕಣ್ಣು ಎಳೆದಾಗ ಅವರೇ ಎದ್ದು ಒಳಗೆ ಹೋಗ್ತಾರೆ.

ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ ಇಂಥ ಜಗಲಿ ಇದ್ದರೆ ಈ ಸಂಚಿಕೆಯನ್ನ ಅವರ ಮಕ್ಕಳಿಗೆ ಕಳಿಸಿ. ನಂಬರ್ ಇನ್ನೊಂದು ಸಲ: 14416. ಮತ್ತೆ ಸಿಗೋಣ. ಅಲ್ಲಿವರೆಗೆ, ಫೋನ್ ಪಕ್ಕಕ್ಕಿಟ್ಟು ನೀವೂ ಮಲ್ಕೊಳ್ಳಿ. ನಮಸ್ಕಾರ.